ಏರಿಯ ಮೇಲಿನ ಮಾತು: ರಾಜಕೀಯ ಭಿನ್ನಮತ ಮತ್ತು ಸಂವಾದದ ನೆಲೆಗಳು

1

ವಾದ, ವಿವಾದ, ಸಂವಾದ ಎಂಬ ಮೂರು ಪದಗಳು ಒಂದೇ ಧಾತುವಿನಿಂದ ಹುಟ್ಟಿದವುಗಳಾದರೂ ಅವು ಸೂಚಿಸುವ ಮಾನವ ಸಂಬಂಧಗಳು ಒಂದೇ ಬಗೆಯವಲ್ಲ. ವಾದದಲ್ಲಿ ಒಂದು ಪ್ರಮೇಯವಿರುತ್ತದೆ. ಅದನ್ನು ಸ್ಥಾಪಿಸುವ ಹೊಣೆ ವಾದಿಯದು. ವಿವಾದದಲ್ಲಿ ಪ್ರಮೇಯ ಹಿಂದೆ ಸರಿದು ಪಕ್ಷಗಳು ಮುಂದೆ ಬರುತ್ತವೆ. ಸಂವಾದದಲ್ಲಿ ಮಾತಿನ ವಿಷಯದಷ್ಟೇ ಎದುರಿಗೆ ಕುಳಿತ ಮನುಷ್ಯನೂ ಮುಖ್ಯನಾಗುತ್ತಾನೆ. ಈ ಮೂರರ ನಡುವಣ ಗೆರೆಗಳು ತೆಳುವಾದವು ಎಂಬುದು ನಿಜ. ಆದರೆ ಒಂದು ಸಮಾಜವು ತನ್ನ ರಾಜಕೀಯ ಭಿನ್ನಾಭಿಪ್ರಾಯಗಳನ್ನು ಇವುಗಳಲ್ಲಿ ಯಾವ ರೂಪದಲ್ಲಿ ನಿರ್ವಹಿಸುತ್ತದೆ ಎಂಬುದರ ಮೇಲೆ ಆ ಸಮಾಜದ ಆರೋಗ್ಯ ನಿಂತಿರುತ್ತದೆ.

ಈ ಶತಮಾನದ ಕನ್ನಡದ ಬೌದ್ಧಿಕ ವಲಯವನ್ನು ನೋಡಿದರೆ ಒಂದು ಇಳಿಜಾರು ಕಾಣುತ್ತದೆ. 2006ರಲ್ಲಿ ಟಿಪ್ಪು ಸುಲ್ತಾನನನ್ನು ಕುರಿತು ಪತ್ರಿಕೆಯ ಪುಟಗಳಲ್ಲಿ ದೊಡ್ಡ ಚರ್ಚೆಯೊಂದು ನಡೆಯಿತು. ಗಿರೀಶ ಕಾರ್ನಾಡ, ಎಸ್.ಎಲ್. ಭೈರಪ್ಪ, ಎಂ. ಚಿದಾನಂದಮೂರ್ತಿ ಮೊದಲಾದವರು ಅದರಲ್ಲಿ ಭಾಗವಹಿಸಿದರು. ಅದು ಕಹಿಯಾದ ಚರ್ಚೆಯೇ ಆಗಿತ್ತು. ಆದರೂ ಒಬ್ಬರ ಬರಹಕ್ಕೆ ಇನ್ನೊಬ್ಬರ ಬರಹ ಉತ್ತರವಾಗಿತ್ತು. ಆಕರಗಳನ್ನು ಎದುರಿಗಿಟ್ಟು ಮಾತನಾಡುವ ಕನಿಷ್ಠ ಶಿಸ್ತು ಅಲ್ಲಿತ್ತು. 2014ರಲ್ಲಿ ಯು.ಆರ್. ಅನಂತಮೂರ್ತಿಯವರು ನಿಧನರಾದಾಗ ರಾಜ್ಯದ ಕೆಲವೆಡೆ ಪಟಾಕಿ ಸಿಡಿಸಿದ ವರದಿಗಳು ಬಂದವು. 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರು ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದರು. ಮಾತಿಗೆ ಮಾತು ಉತ್ತರವಾಗಿದ್ದ ಸ್ಥಿತಿಯಿಂದ ಮಾತಿಗೆ ಗುಂಡು ಉತ್ತರವಾಗುವ ಸ್ಥಿತಿಗೆ ಬರಲು ನಮಗೆ ಒಂಬತ್ತು ವರ್ಷಗಳು ಸಾಕಾದವು.

ಇವು ಎಲ್ಲರ ಕಣ್ಣಿಗೆ ಬಿದ್ದ ಘಟನೆಗಳು. ಕಣ್ಣಿಗೆ ಬೀಳದ ಇನ್ನೊಂದು ಬೆಳವಣಿಗೆ ನಡೆದಿದೆ. ಭಿನ್ನ ರಾಜಕೀಯ ನಿಲುವಿನವರು ಪರಸ್ಪರ ಜಗಳವಾಡುವುದನ್ನೂ ಬಿಟ್ಟು ಮೌನವಾಗುತ್ತಿದ್ದಾರೆ. ಒಂದೇ ಮನೆಯ ಅಣ್ಣತಮ್ಮಂದಿರು, ಒಂದೇ ವಿಭಾಗದ ಸಹೋದ್ಯೋಗಿಗಳು 'ಆ ವಿಷಯ ಬೇಡ' ಎಂಬ ಒಪ್ಪಂದಕ್ಕೆ ಬಂದಿದ್ದಾರೆ. ಪ್ರಸ್ತುತ ಲೇಖನವು ಈ ಮೌನವನ್ನು ಕುರಿತದ್ದು. ರಾಜಕೀಯ ಭಿನ್ನತೆಯನ್ನು ದಾಟಿ ಮಾತನಾಡುವುದು ಸಾಧ್ಯವಿದೆ, ಅದಕ್ಕೆ ಬೇಕಾದ ನೆಲೆಗಳು ನಮ್ಮ ಊರುಗಳಲ್ಲಿಯೂ ಕನ್ನಡ ಅಧ್ಯಯನದ ಶಿಸ್ತುಗಳಲ್ಲಿಯೂ ಇವೆ, ಅವುಗಳನ್ನು ಬಳಸದಿರುವುದು ನಮ್ಮ ವಿಭಾಗಗಳು ತಮ್ಮ ಹೊಣೆಯಿಂದ ಜಾರಿಕೊಂಡಂತೆ ಎಂಬುದು ನನ್ನ ನಿಲುವು. ಇದನ್ನು ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯನ್ನು ಮುಂದಿಟ್ಟುಕೊಂಡು ಮಂಡಿಸಲು ಯತ್ನಿಸುತ್ತೇನೆ.

2

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವನ್ನು ಬಳಸುವ ಸಂಶೋಧಕರಿಗೆ ಈ ಹೆಸರು ಪರಿಚಿತವೇ. ಜಿಲ್ಲೆಯ ಮಲೆನಾಡು ಇಳಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಈ ಮೂರು ತಾಲ್ಲೂಕುಗಳಿವೆ. ಕಡೂರು ರಾಗಿ ಮತ್ತು ತೆಂಗಿನ ನಾಡು. ಮಳೆಯನ್ನು ನಂಬಿ, ಕೆರೆಯನ್ನು ಕಾದು ಬದುಕುವ ನಾಡು. ತರೀಕೆರೆಯ ಒಂದು ಮಗ್ಗುಲಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯವೂ ಅಡಿಕೆ ತೋಟಗಳೂ ಇವೆ. ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರವು ಈರುಳ್ಳಿಯ ಬೆಳೆಗೂ ಅಮೃತ್ ಮಹಲ್ ತಳಿ ಸಂವರ್ಧನ ಕೇಂದ್ರಕ್ಕೂ ಹೆಸರಾದುದು. ನೆಲದ ಗುಣ ಹೀಗೆ ಹತ್ತು ಮೈಲಿಗೊಮ್ಮೆ ಬದಲಾಗುವ ಸೀಮೆಯಲ್ಲಿ ಜನರ ಹಿತಾಸಕ್ತಿಗಳೂ ರಾಜಕೀಯ ಒಲವುಗಳೂ ಬದಲಾಗುವುದು ಸಹಜ.

ಈ ಭಾಗದ ಹಿರಿಯರ ರಾಜಕೀಯ ಸ್ಮೃತಿಯಲ್ಲಿ 1978ರ ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ ಇಂದಿಗೂ ಒಂದು ಗಡಿಗಲ್ಲು. ತುರ್ತುಪರಿಸ್ಥಿತಿಯ ನಂತರ ಅಧಿಕಾರ ಕಳೆದುಕೊಂಡಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿದರು. ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲರ ವಿರುದ್ಧ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಇಡೀ ದೇಶ ಈ ಜಿಲ್ಲೆಯತ್ತ ನೋಡಿದ ಚುನಾವಣೆ ಅದು. ಊರು ಎರಡಾದ, ಮದುವೆಯ ಮಾತುಕತೆ ಮುರಿದ, ಒಂದೇ ಬಾವಿಯ ನೀರನ್ನು ಬಿಟ್ಟ ಕತೆಗಳನ್ನು ಆ ಕಾಲವನ್ನು ಕಂಡವರು ಇಂದಿಗೂ ಹೇಳುತ್ತಾರೆ. ನಂತರದ್ದನ್ನು ಗಮನಿಸಬೇಕು. ಅಂದು ಇಂದಿರಾ ಅವರನ್ನು ಎದುರಿಸಿದ ವೀರೇಂದ್ರ ಪಾಟೀಲರು 1989ರಲ್ಲಿ ಕಾಂಗ್ರೆಸ್ ಪಕ್ಷದಿಂದಲೇ ರಾಜ್ಯದ ಮುಖ್ಯಮಂತ್ರಿಯಾದರು. ಅಂದು ಅವರಿಗೆ ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಜನತಾ ಪರಿವಾರವನ್ನು ಹಾದು 2009ರಲ್ಲಿ ಭಾರತೀಯ ಜನತಾ ಪಕ್ಷದ ಸಂಸದರಾದರು. ನಾಯಕರು ದಾಟಿದ ಗೆರೆಯನ್ನು ಅನುಯಾಯಿಗಳು ದಾಟಲಾರದೆ ಉಳಿದರು ಎಂಬುದು ಈ ಇತಿಹಾಸದ ವ್ಯಂಗ್ಯ.

ಇಂದಿನ ಗೆರೆಗಳು ಇನ್ನೂ ಹಲವು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಿಂದ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೂ ತರೀಕೆರೆ ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೂ ಸೇರಿದವು. ಒಂದೇ ಸಂತೆಗೆ ಬರುವ ಜನರ ಮುಂದೆ ಬೇರೆ ಬೇರೆ ಅಭ್ಯರ್ಥಿಗಳು, ಬೇರೆ ಬೇರೆ ಘೋಷಣೆಗಳು. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ನೆಲದಡಿ ಹಾದುಹೋಗುತ್ತದೆ. 29.90 ಟಿಎಂಸಿ ನೀರನ್ನು ಬರಪೀಡಿತ ಪ್ರದೇಶಗಳಿಗೆ ಒಯ್ಯುವ ಈ ಯೋಜನೆ ಚಿತ್ರದುರ್ಗ ಸೀಮೆಗೆ ಭರವಸೆ. ಭದ್ರಾ ಅಚ್ಚುಕಟ್ಟಿನ ರೈತರಿಗೆ ಆತಂಕ. ಇವೆಲ್ಲಕ್ಕಿಂತ ಆಳವಾದ ಗೆರೆ ಗಿರಿಯದು. ಒಬ್ಬರು ದತ್ತಪೀಠವೆನ್ನುವ, ಇನ್ನೊಬ್ಬರು ಬಾಬಾಬುಡನ್ ದರ್ಗಾ ಎನ್ನುವ ಆ ಸ್ಥಳದ ಅಧಿಕೃತ ಹೆಸರಿನಲ್ಲಿ ಎರಡೂ ಇವೆ: ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ. ಹೆಸರಿನಲ್ಲಿ ಒಟ್ಟಿಗೆ ಕುಳಿತವರು ದಶಕಗಳಿಂದ ನ್ಯಾಯಾಲಯಗಳಲ್ಲಿ ಎದುರುಬದುರು ನಿಂತಿದ್ದಾರೆ. ಆದರೆ ಅದೇ ಗಿರಿಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಹೊಳೆಗಳು ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬಿಸಿ, ಮುಂದೆ ಕೂಡಿ ವೇದಾವತಿಯಾಗಿ ಹರಿಯುತ್ತವೆ. ಗಿರಿಯ ಹೆಸರಿನ ಬಗ್ಗೆ ಏನೇ ನಿಲುವಿರಲಿ, ಕಡೂರಿನ ರೈತ ಅದರ ನೀರನ್ನೇ ಕಾಯುತ್ತಾನೆ.

3

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಎರಡನೆಯ ವೀರಬಲ್ಲಾಳನ ದಂಡನಾಯಕನು 1196ರ ಸುಮಾರಿಗೆ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನದ ಪದ್ಯಗಳನ್ನು ಬರೆದವನು ಜನ್ನ. 'ಯಶೋಧರ ಚರಿತೆ' ಮತ್ತು 'ಅನಂತನಾಥ ಪುರಾಣ'ಗಳ ಕರ್ತೃವಾದ ಜೈನಕವಿಯು ಶಿವಾಲಯವೊಂದರ ಶಾಸನವನ್ನು ರಚಿಸಿದ್ದಾನೆ. ಇದನ್ನು ಸರ್ವಧರ್ಮ ಸಮನ್ವಯದ ನಿದರ್ಶನವೆಂದು ಸುಲಭವಾಗಿ ಹೊಗಳಿ ಮುಂದೆ ಹೋಗಬಹುದು. ಆದರೆ ಹನ್ನೆರಡನೆಯ ಶತಮಾನದ ಕೊನೆಯ ಭಾಗವು ಜೈನ-ಶೈವ ಸಂಬಂಧಗಳು ತೀರ ಹದಗೆಟ್ಟಿದ್ದ ಕಾಲವೂ ಹೌದು. ಭೇದವಿಲ್ಲದ ಕಾಲದಲ್ಲಿ ಬರೆದ ಶಾಸನವಲ್ಲ ಅದು. ಭೇದವನ್ನು ಬಲ್ಲ ಕವಿಯೊಬ್ಬ ಭೇದದ ನಡುವೆಯೇ ಇನ್ನೊಬ್ಬರ ಭಕ್ತಿಗೆ ತನ್ನ ಭಾಷೆಯನ್ನು ಕೊಟ್ಟ ಪ್ರಸಂಗ. ತನ್ನ ಧರ್ಮವನ್ನು ಬಿಡದೆ ಪರಧರ್ಮದವನ ಮಾತನ್ನು ಚೆನ್ನಾಗಿ ಆಡಿಕೊಡುವುದು ಸಂವಾದದ ಮೊದಲ ಶಕ್ತಿ. ಇನ್ನೊಬ್ಬರ ವಿಚಾರವನ್ನೂ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂದ 'ಕವಿರಾಜಮಾರ್ಗ'ದ ಆಶಯಕ್ಕೆ ಅಮೃತಾಪುರದ ಕಲ್ಲು ಒಂದು ಪ್ರಾಯೋಗಿಕ ಪುರಾವೆ.

ಜನ್ನನ ಇನ್ನೊಂದು ಕಾಣ್ಕೆ ನಮ್ಮ ಇಂದಿನ ಸ್ಥಿತಿಗೆ ಇನ್ನೂ ಹತ್ತಿರವಾಗಿದೆ. 'ಯಶೋಧರ ಚರಿತೆ'ಯಲ್ಲಿ ರಾಜನು ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಅರ್ಪಿಸುತ್ತಾನೆ. ಕಡಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಜೀವವಿಲ್ಲದ ಕೋಳಿಯನ್ನು ಕೊಂದ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳ ಯಾತನೆಯನ್ನು ಅನುಭವಿಸುತ್ತಾರೆ. ಈ ಕಥೆಯನ್ನು ಸಂಕಲ್ಪಹಿಂಸೆಯ ವಿಮರ್ಶೆಯಾಗಿ ನಾವು ತರಗತಿಗಳಲ್ಲಿ ಕಲಿಸುತ್ತ ಬಂದಿದ್ದೇವೆ. ರಾಜಕೀಯ ಎದುರಾಳಿಯ ವಿಷಯದಲ್ಲಿ ಇಂದು ನಾವು ಮಾಡುತ್ತಿರುವುದೂ ಇದೇ. ಜೀವಂತ ಮನುಷ್ಯನನ್ನು ಎದುರಿಸುವ ಬದಲು ಅವನದೊಂದು ಹಿಟ್ಟಿನ ಪ್ರತಿಮೆಯನ್ನು ನಾದುತ್ತೇವೆ. 'ಎಡಪಂಥೀಯ', 'ಬಲಪಂಥೀಯ', 'ಜಾತಿವಾದಿ', 'ದೇಶದ್ರೋಹಿ', 'ಕುರುಡು ಭಕ್ತ' ಎಂಬ ಬಣ್ಣಗಳನ್ನು ಬಳಿದು, ನಮ್ಮವರ ನಡುವೆ ಕುಳಿತು ಅದರ ಕತ್ತು ಕತ್ತರಿಸುತ್ತೇವೆ. ಯಾರಿಗೂ ನೋವಾಗಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಮೊಬೈಲಿನ ಗುಂಪುಗಳಲ್ಲಿ ದಿನವೂ ನಡೆಯುವ ಈ ಬಲಿಯ ನಂತರ, ಬೀದಿಯಲ್ಲಿ ಆ ಮನುಷ್ಯ ಎದುರಾದಾಗ ನಮಗೆ ಕಾಣುವುದು ಅವನ ಮುಖವಲ್ಲ, ನಾವೇ ನಾದಿದ ಹಿಟ್ಟು. ಮುಖಾಮುಖಿ ಮಾತು ಮಾಡುವ ಮೊದಲ ಕೆಲಸವೆಂದರೆ ಈ ಹಿಟ್ಟನ್ನು ಉದುರಿಸುವುದು.

4

ನನ್ನ ಸಂಶೋಧನೆಯ ವಿಷಯ ಈ ಸೀಮೆಯ ಕೆರೆಗಳಿಗೆ ಸಂಬಂಧಿಸಿದ ಶಾಸನಗಳು, ಐತಿಹ್ಯಗಳು ಮತ್ತು ಹಾಡುಗಳು. ಮದಗದ ಕೆರೆಯ ಮಳೆಯನ್ನು ಕುರಿತ ಜನಪದ ಗೀತೆ ನಾಡಿಗೆಲ್ಲ ಪರಿಚಿತವಾದುದು. ಪ್ರಸಿದ್ಧಿಗೆ ಬಾರದ ನೂರಾರು ಚಿಕ್ಕ ಕೆರೆಗಳಿಗೂ ತಮ್ಮದೇ ಕಥನಗಳಿವೆ. ಇವುಗಳನ್ನು ಸಂಗ್ರಹಿಸುವಾಗ ರಾಜಕೀಯವು ನನ್ನ ಪ್ರಶ್ನಾವಳಿಯಲ್ಲಿ ಇರಲಿಲ್ಲ. ಆದರೆ ವಕ್ತೃಗಳನ್ನು ಹುಡುಕುವ ಹಂತದಲ್ಲಿಯೇ ಅದು ಎದುರಾಯಿತು. 'ಅವರ ಮನೆಗೆ ಹೋದರೆ ಇವರು ಮಾತಾಡುವುದಿಲ್ಲ' ಎಂಬ ಎಚ್ಚರಿಕೆ ಹಲವು ಊರುಗಳಲ್ಲಿ ಸಿಕ್ಕಿತು.

ಕಡೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕೆರೆಯ ಕತೆಯನ್ನು ಬಲ್ಲವರೆಂದು ಊರವರು ಇಬ್ಬರು ಹಿರಿಯರನ್ನು ಹೆಸರಿಸಿದರು. ಒಬ್ಬರು ಹಸಿರು ಶಾಲಿನ ಚಳವಳಿಯಲ್ಲಿ ಬೆಳೆದವರು. ಇನ್ನೊಬ್ಬರು ಪ್ರತಿ ಡಿಸೆಂಬರ್‌ನಲ್ಲಿ ಮಾಲೆ ಧರಿಸಿ ಗಿರಿಗೆ ಹೋಗುವವರು. ಹಿಂದಿನ ಪಂಚಾಯಿತಿ ಚುನಾವಣೆಯಿಂದ ಇಬ್ಬರಿಗೂ ಮಾತಿರಲಿಲ್ಲ. ಅರಳಿಕಟ್ಟೆಯ ಮೇಲೆ ಮೊದಲನೆಯವರು ತೂಬಿನ ವಿಷಯ ಹೇಳುತ್ತಿದ್ದಾಗ ದೂರದಲ್ಲಿ ಕುಳಿತಿದ್ದ ಎರಡನೆಯವರು ತಡೆಯಲಾರದೆ ನಡುವೆ ಬಾಯಿ ಹಾಕಿದರು.

'ತಪ್ಪು ಬರೆಸ್ಬೇಡ. ಹಳೇ ತೂಬು ಇದ್ದಿದ್ದು ಕೋಡಿ ಕಡೆ. ಮೂಡ್ಲ ತೂಬು ಆಮೇಲಿಂದು.'

'ನಮ್ಮಪ್ಪ ಹೇಳಿದ್ನೇ ನಾನು ಹೇಳ್ತಿರೋದು ಕಣಯ್ಯ.'

'ನಿಮ್ಮಪ್ಪಂಗೆ ಹೇಳ್ಕೊಟ್ಟಿದ್ದು ನಮ್ಮಜ್ಜ. ಬಾ ಬೇಕಾದ್ರೆ, ಕಲ್ಲು ಇನ್ನೂ ಅಲ್ಲೇ ಐತೆ.'

ಇಬ್ಬರೂ ಎದ್ದು ಏರಿಯ ಮೇಲೆ ನಡೆದರು. ಕಲ್ಲು ಸಿಕ್ಕಿತು, ಅದು ತೂಬಿನದೋ ಅಲ್ಲವೋ ಎಂಬ ಹೊಸ ತಕರಾರೂ ಹುಟ್ಟಿತು. ಕೊನೆಗೆ ನೀರುಗಂಟಿ ಮನೆತನದ ವೃದ್ಧರೊಬ್ಬರನ್ನು ಕರೆಸಿ ಕೇಳಬೇಕಾಯಿತು. ಈ ನಡುವೆ ಮಾತು ಹೂಳಿಗೆ, ಹೂಳಿನಿಂದ ಭದ್ರೆಯ ನೀರಿಗೆ, ಅಲ್ಲಿಂದ ಪಕ್ಷಗಳಿಗೆ ಹರಿಯಿತು. ಸ್ವರ ಏರಿತು. ಯಾರೂ ತಮ್ಮ ನಿಲುವನ್ನು ಬದಲಿಸಲಿಲ್ಲ. 'ನಿನ್ನ ಪಕ್ಷಕ್ಕೆ ನನ್ನ ವೋಟು ಸಾಯೋವರ್ಗೂ ಇಲ್ಲ' ಎಂದರು ಒಬ್ಬರು. 'ಹಾಕ್ಬೇಡ. ಹೂಳೆತ್ತೋ ದಿನ ಟ್ರ್ಯಾಕ್ಟರ್ ಕಳಿಸು' ಎಂದರು ಇನ್ನೊಬ್ಬರು.

ಇದನ್ನು ಒಂದು ಸಂಧಾನದ ಕತೆಯಾಗಿ ನಾನು ಮುಂದಿಡುತ್ತಿಲ್ಲ. ಇಂಥ ಪ್ರಸಂಗಗಳು ಬೇರೆ ಬೇರೆ ರೂಪದಲ್ಲಿ ಮೂರೂ ತಾಲ್ಲೂಕುಗಳಲ್ಲಿ ಎದುರಾದುದರಿಂದ ಅವುಗಳ ಹಿಂದಿರುವ ಸಾಮಾನ್ಯ ಲಕ್ಷಣಗಳನ್ನು ಗುರುತಿಸಬಹುದೆನಿಸುತ್ತದೆ. ಮೊದಲನೆಯದಾಗಿ, ಎರಡು ಪಕ್ಷಗಳ ನಡುವೆ ಮೂರನೆಯ ವಸ್ತುವೊಂದು ಇರಬೇಕು. ಕೆರೆ, ಹಾಡು, ಶಾಸನ, ಎತ್ತು, ಜಾತ್ರೆ ಹೀಗೆ ಇಬ್ಬರಿಗೂ ಬೇಕಾದ, ಇಬ್ಬರೂ ಬಲ್ಲ ವಸ್ತು ಅದು. ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಗಾಡಿ ಕಟ್ಟುವ ರೈತರು ಎತ್ತಿನ ಸುಳಿಯ ಬಗ್ಗೆ ಗಂಟೆಗಟ್ಟಲೆ ವಾದಿಸುತ್ತಾರೆ. ಆ ವಾದದಲ್ಲಿ ಪಕ್ಷಗಳು ಬೆರೆತುಹೋಗುತ್ತವೆ. ಎರಡನೆಯದಾಗಿ, ತಿದ್ದುವ ಹಕ್ಕು ಎಲ್ಲರಿಗೂ ಇರಬೇಕು. ಸಿದ್ಧಾಂತದ ವಿಷಯದಲ್ಲಿ ತಿದ್ದಿಸಿಕೊಳ್ಳುವುದು ಸೋಲಾಗುತ್ತದೆ. ಹಾಡಿನ ಸಾಲಿನ ವಿಷಯದಲ್ಲಿ ಅದು ಸೋಲಲ್ಲ. ಮೂರನೆಯದಾಗಿ, ಮಾತಿಗೆ ಬಿಡುವು ಬೇಕು. ಧ್ವನಿವರ್ಧಕದ ಮುಂದೆ ಯಾರೂ ತಮ್ಮ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಯೋಚಿಸುವುದಿಲ್ಲ. ಏರಿಯ ಮೇಲೆ ನಡೆಯುವಾಗ ಯೋಚಿಸುತ್ತಾರೆ. ನಾಲ್ಕನೆಯದಾಗಿ, ಮಾತು ನಾಳೆ ಮಾಡಬೇಕಾದ ಒಂದು ಕೆಲಸಕ್ಕೆ ಅಂಟಿಕೊಂಡಿರಬೇಕು. ಹೂಳೆತ್ತುವ ದಿನವೊಂದು ಮುಂದಿದ್ದರೆ ಇಂದಿನ ಜಗಳ ಕೊನೆಯ ಜಗಳವಾಗುವುದಿಲ್ಲ.

ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ಕಾವ್ಯದ ದೇವಪುರ ಈ ದೇವನೂರೋ ಸುರಪುರದ ಕಡೆಯದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ನಡೆದ ವಾಗ್ವಾದ ಪ್ರಸಿದ್ಧವಾದುದು. ಆ ವಾಗ್ವಾದ ನಡೆಯುತ್ತಿದ್ದಾಗಲೂ 'ಜೈಮಿನಿ ಭಾರತ'ದ ವಾಚನ ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನಿಲ್ಲಲಿಲ್ಲ. ಯಜ್ಞಾಶ್ವವನ್ನು ಕಟ್ಟಿ ಹಾಕಿದ ಅರಸರಲ್ಲಿ ಬಹುಪಾಲು ಮಂದಿ ಕೊನೆಗೆ ಅದೇ ಯಾಗದ ಅತಿಥಿಗಳಾಗುವ ಕಾವ್ಯ ಅದು. ಕವಿಯ ಕಾಲ, ಮತ, ಊರುಗಳ ಬಗ್ಗೆ ಒಮ್ಮತವಿಲ್ಲದೆಯೂ ಒಂದು ಕಾವ್ಯವನ್ನು ಒಟ್ಟಿಗೆ ಕೂತು ಕೇಳಲು ಸಾಧ್ಯವಾಗಿದ್ದ ಸಮಾಜವು ಒಮ್ಮತವನ್ನು ಸಹವಾಸದ ಪೂರ್ವಷರತ್ತನ್ನಾಗಿ ಮಾಡಿಕೊಂಡಿರಲಿಲ್ಲ.

5

ಈ ವಾದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಅದನ್ನು ಎದುರಿಸದೆ ಮುಂದೆ ಹೋಗಲಾಗದು. ಸಂವಾದದ ಹೆಸರಿನಲ್ಲಿ ಅನ್ಯಾಯವನ್ನು ಮರೆಮಾಚುವ ಅಪಾಯವಿಲ್ಲವೆ? ಬಲವಂತ ಮತ್ತು ಬಲಹೀನರ ನಡುವಣ ಮಾತು ಸಮಾನರ ಮಾತಾಗುವುದು ಹೇಗೆ? ಮೇಲೆ ಹೇಳಿದ ಪ್ರಸಂಗದಲ್ಲಿಯೇ ಇದಕ್ಕೆ ಪುರಾವೆಯಿದೆ. ತೂಬಿನ ಬಗ್ಗೆ ನಿರ್ಣಾಯಕ ತಿಳಿವಳಿಕೆ ಇದ್ದುದು ನೀರುಗಂಟಿ ಮನೆತನದ ಆ ವೃದ್ಧರಿಗೆ. ಕಟ್ಟೆಯ ಮೇಲಿದ್ದ ಇಬ್ಬರೂ ಪಕ್ಷಭೇದವನ್ನು ದಾಟಿ ಒಂದಾದರು; ಅವರಿಬ್ಬರಿಗೂ ಉತ್ತರ ಕೊಟ್ಟ ಮನುಷ್ಯ ಮಾತ್ರ ಕಟ್ಟೆಯ ಕೆಳಗೆ ನಿಂತೇ ಮಾತನಾಡಿದರು. ರಾಜಕೀಯದ ಗೆರೆಯನ್ನು ದಾಟಿದ ಮಾತು ಜಾತಿಯ ಗೆರೆಯ ಮುಂದೆ ನಿಂತಿತು. ಹೆಂಗಸರ ಮಾತಂತೂ ಕಟ್ಟೆಯವರೆಗೆ ಬರಲೇ ಇಲ್ಲ. ಅದನ್ನು ಕೇಳಲು ಹಿತ್ತಿಲುಗಳಿಗೆ, ಹೊಲದ ಬದುಗಳಿಗೆ ಹೋಗಬೇಕಾಯಿತು.

ಕೆರೆಯ ಕಥನಗಳಲ್ಲಿ ಅತ್ಯಂತ ಪ್ರಸಿದ್ಧವಾದ 'ಕೆರೆಗೆ ಹಾರ'ವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕು. ಅಲ್ಲಿ ಮನೆಯ ಹಿರಿಯರಲ್ಲಿ ಭಿನ್ನಾಭಿಪ್ರಾಯ ಉಳಿಯುವುದಿಲ್ಲ. ಕೆರೆಯಲ್ಲಿ ನೀರು ನಿಲ್ಲಬೇಕೆಂಬ ಉದ್ದೇಶವೂ ಲೋಕಹಿತದ್ದೇ. ಹಿರಿಯರೆಲ್ಲರೂ ಒಪ್ಪಿದ ನಿರ್ಧಾರದಲ್ಲಿ ಭಾಗೀರಥಿಗೆ ಪಾಲಿರಲಿಲ್ಲ. ಆ ಹಿರಿಯರು ಯಾರೂ ಅವಳ ಒಪ್ಪಿಗೆಯನ್ನು ಕೇಳಲಿಲ್ಲ. ಒಮ್ಮತವು ಸಂವಾದದ ಗುರಿಯಲ್ಲ, ಎಷ್ಟೋ ವೇಳೆ ಅದರ ಸಾವು ಎಂಬುದನ್ನು ಈ ಹಾಡು ತೀಕ್ಷ್ಣವಾಗಿ ತೋರಿಸುತ್ತದೆ. ಆದ್ದರಿಂದ ಸಂವಾದವನ್ನು ಅಳೆಯಬೇಕಾದುದು ಅಲ್ಲಿ ಎಷ್ಟು ಜನ ಒಪ್ಪಿದರು ಎಂಬುದರಿಂದಲ್ಲ. ಯಾರ ಮೇಲೆ ಪರಿಣಾಮವಾಗುತ್ತದೆಯೋ ಅವರು ಮಾತಿನೊಳಗೆ ಇದ್ದರೆ ಎಂಬುದರಿಂದ.

ಇದರಿಂದ ಸಂವಾದವೇ ವ್ಯರ್ಥವೆಂಬ ತೀರ್ಮಾನಕ್ಕೆ ಬರಬೇಕಿಲ್ಲ. ಡಿ.ಆರ್. ನಾಗರಾಜ್ ಅವರು 1993ರಲ್ಲಿ ಪ್ರಕಟವಾದ 'ದಿ ಫ್ಲೇಮಿಂಗ್ ಫೀಟ್' ಕೃತಿಯಲ್ಲಿ ಗಾಂಧಿ-ಅಂಬೇಡ್ಕರ್ ಮುಖಾಮುಖಿಯನ್ನು ವಿಶ್ಲೇಷಿಸುತ್ತ, ಆ ತೀವ್ರ ಸಂಘರ್ಷವು ಇಬ್ಬರನ್ನೂ ಬದಲಾಯಿಸಿತೆಂದು ವಾದಿಸಿದರು. ಅಂಬೇಡ್ಕರ್ ತಮ್ಮ ಪ್ರಶ್ನೆಯನ್ನು ಮೆದುಗೊಳಿಸಿದ್ದರಿಂದ ಗಾಂಧಿ ಬದಲಾದದ್ದಲ್ಲ ಎಂಬುದು ಇಲ್ಲಿ ಮುಖ್ಯ. ನ್ಯಾಯದ ಪ್ರಶ್ನೆಯನ್ನು ಪೂರ್ಣ ತೀವ್ರತೆಯಲ್ಲಿ ಕೇಳುವುದೂ ಸಂವಾದದ ಒಂದು ರೂಪವೇ. ಬುಕ್ಕರಾಯನ 1368ರ ಶ್ರವಣಬೆಳಗೊಳದ ಶಾಸನವು ಇನ್ನೊಂದು ಪಾಠವನ್ನು ಹೇಳುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ್ದನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. ಅದರ ಮುಂದಿನ ವಿವರವನ್ನು ಅಷ್ಟಾಗಿ ಗಮನಿಸುವುದಿಲ್ಲ. ಜೈನರ ಮನೆಗಳಿಂದ ಬಂದ ಹಣದಿಂದ ಬೆಳಗೊಳದ ದೇವರ ರಕ್ಷಣೆಗೆ 20 ಮಂದಿ ಕಾವಲಿನವರನ್ನು ನೇಮಿಸುವ, ಉಳಿದುದರಲ್ಲಿ ಜಿನಾಲಯಗಳನ್ನು ದುರಸ್ತಿ ಮಾಡಿಸುವ ಹೊಣೆ ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೆ ಬಿದ್ದಿತು. ಸೌಹಾರ್ದವು ಅಲ್ಲಿ ಭಾವನೆಯಾಗಿ ಉಳಿಯದೆ ಹೊಣೆಗಾರಿಕೆಯ ಒಪ್ಪಂದವಾಯಿತು. ಹೆಚ್ಚಿನ ಹೊಣೆ ಬಲಿಷ್ಠರ ಮೇಲೆ ಬಿದ್ದಿತು. ಸಂವಾದವು ನ್ಯಾಯಕ್ಕೆ ಬದಲಿಯಲ್ಲ. ನ್ಯಾಯದ ಕಡೆಗೆ ನಡೆಯುವ ಮಾತು ಮಾತ್ರ ಬಾಳಿಕೆ ಬರುತ್ತದೆ.

6

ಈ ಎಲ್ಲ ಚರ್ಚೆಯ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳು ಏನು ಮಾಡಬಹುದು ಎಂಬ ಪ್ರಶ್ನೆಗೆ ಬರೋಣ. ಉತ್ತರ ನಮ್ಮ ಶಿಸ್ತಿನ ಒಳಗೇ ಇದೆ. ಗ್ರಂಥಸಂಪಾದನೆಯಲ್ಲಿ ನಾವು ಪಾಠಾಂತರಗಳನ್ನು ನಾಶಮಾಡುವುದಿಲ್ಲ. ಸಂಪಾದಕನು ಒಂದು ಪಾಠವನ್ನು ಆರಿಸಿ ಮೇಲೆ ಅಚ್ಚುಹಾಕುತ್ತಾನೆ. ಉಳಿದವನ್ನು ಅದೇ ಪುಟದ ಅಡಿಯಲ್ಲಿ ಕೊಡುತ್ತಾನೆ. ಎಲ್ಲ ಪಾಠಗಳೂ ಸಮವೆಂದು ಅವನು ಹೇಳುವುದಿಲ್ಲ, ತನ್ನ ಆಯ್ಕೆಗೆ ಕಾರಣ ಕೊಡುತ್ತಾನೆ. ಆದರೆ ಭಿನ್ನಪಾಠವನ್ನು ಬರೆದ ಲಿಪಿಕಾರನನ್ನು ಶತ್ರುವೆಂದು ಭಾವಿಸುವುದಿಲ್ಲ. ಮುಂದೊಂದು ದಿನ ಹೊಸ ಓಲೆಪ್ರತಿ ದೊರೆತರೆ ಅಡಿಯ ಪಾಠವೇ ಮೇಲೆ ಬರಬಹುದೆಂಬ ವಿನಯ ಅವನಿಗಿರುತ್ತದೆ. ನಿಲುವಿನ ಖಚಿತತೆ ಮತ್ತು ಭಿನ್ನತೆಯ ಗೌರವ ಎರಡೂ ಒಂದೇ ಪುಟದಲ್ಲಿರಲು ಸಾಧ್ಯವೆಂಬುದನ್ನು ನಮ್ಮ ಹಿರಿಯರು ಹೀಗೆ ತೋರಿಸಿಕೊಟ್ಟಿದ್ದಾರೆ. ಇದನ್ನು ಸಾರ್ವಜನಿಕ ಮಾತಿನ ನೀತಿಯಾಗಿಯೂ ಬೆಳೆಸಬಹುದು.

ಈ ದಿಸೆಯಲ್ಲಿ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಒಂದನೆಯದು ಕ್ಷೇತ್ರಕಾರ್ಯಕ್ಕೆ ಸಂಬಂಧಿಸಿದ್ದು. ನಮ್ಮ ನಿಲುವಿಗೆ ಒಪ್ಪುವ ವಕ್ತೃಗಳನ್ನೇ ಹುಡುಕಿ ಸಂದರ್ಶಿಸುವ ಪ್ರವೃತ್ತಿ ಸಂಶೋಧನಾರ್ಥಿಗಳಲ್ಲಿ ಹೆಚ್ಚುತ್ತಿದೆ. ಒಂದು ಐತಿಹ್ಯದ ಭಿನ್ನರೂಪಗಳನ್ನು ದಾಖಲಿಸುವಂತೆ ಅದರ ಭಿನ್ನ ರಾಜಕೀಯ ವ್ಯಾಖ್ಯಾನಗಳನ್ನೂ, ಕಟ್ಟೆಯ ಕೆಳಗಿನವರ ಮತ್ತು ಹಿತ್ತಿಲಿನವರ ಪಾಠಗಳನ್ನೂ ದಾಖಲಿಸುವುದು ಮಹಾಪ್ರಬಂಧದ ಕಡ್ಡಾಯ ಶಿಸ್ತಾಗಬೇಕು. ತರೀಕೆರೆಯ ನೆಲದಿಂದಲೇ ಬಂದ ರಹಮತ್ ತರೀಕೆರೆಯವರು ಸೂಫಿ, ನಾಥ, ಶಾಕ್ತ, ಆರೂಢ ಪಂಥಗಳ ಅಧ್ಯಯನದಲ್ಲಿ ಅನುಸರಿಸಿದ ತಿರುಗಾಟದ ವಿಧಾನ ಇಲ್ಲಿ ಮಾದರಿಯಾಗಬಲ್ಲುದು. ಜನರ ಬಳಿಗೆ ಹೋಗಿ, ಕುಳಿತು, ಕೇಳಿ ಬರೆದ ಅವರ ಗ್ರಂಥಗಳು ಕರ್ನಾಟಕದ ಧಾರ್ಮಿಕ ಬದುಕಿನ ಗಡಿಗಳು ನಾವು ತಿಳಿದಷ್ಟು ಗಟ್ಟಿಯಾಗಿಲ್ಲವೆಂಬುದನ್ನು ಆಧಾರಸಹಿತವಾಗಿ ತೋರಿಸಿವೆ.

ಎರಡನೆಯದು ವಿಚಾರಸಂಕಿರಣಗಳನ್ನು ಕುರಿತದ್ದು. ಇಂದಿನ ವಿಚಾರಸಂಕಿರಣಗಳ ಆಹ್ವಾನಪತ್ರಿಕೆಯನ್ನು ನೋಡಿದರೆ ಅಲ್ಲಿ ಏನು ಹೇಳಲಾಗುವುದೆಂಬುದನ್ನು ಮೊದಲೇ ಊಹಿಸಬಹುದು. ಒಂದು ಬಣದ ಸಂಕಿರಣಕ್ಕೆ ಇನ್ನೊಂದು ಬಣದವರು ಬರುವುದಿಲ್ಲ, ಕರೆಯುವುದೂ ಇಲ್ಲ. ಆರು ಪ್ರಬಂಧಗಳ ನಂತರ ಹತ್ತು ನಿಮಿಷದ ಚರ್ಚೆ ಉಳಿದರೆ ಅದೇ ಪುಣ್ಯ. ಪ್ರಬಂಧಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ, ಪ್ರತಿ ಗೋಷ್ಠಿಯಲ್ಲೂ ಭಿನ್ನ ನಿಲುವಿನ ಒಬ್ಬ ವಿದ್ವಾಂಸರು ಆಕರಗಳ ಆಧಾರದಿಂದ ಪ್ರತಿಕ್ರಿಯಿಸುವ ಪದ್ಧತಿಯನ್ನು ತರಬಹುದು. ಹಣವಾಗಲಿ ಅನುಮತಿಯಾಗಲಿ ಬೇಡದ ಬದಲಾವಣೆ ಇದು. 'ಶೂನ್ಯಸಂಪಾದನೆ'ಯಂಥ ಗ್ರಂಥವು ಆದ್ಯಂತ ಸಂವಾದದ ರೂಪದಲ್ಲೇ ಇರುವ ಭಾಷೆಯ ಅಧ್ಯಾಪಕರು ನಾವು. ಅಲ್ಲಿ ಅಲ್ಲಮನನ್ನು ಎದುರಿಸಿದವರೂ ಗ್ರಂಥದ ಒಳಗೇ ಇದ್ದಾರೆ.

ಮೂರನೆಯದು ತರಗತಿ. ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರಿನ ಪದವಿ ತರಗತಿಯಲ್ಲಿ ಎಲ್ಲ ಪಕ್ಷಗಳ, ಎಲ್ಲ ಜಾತಿಗಳ ಮನೆಗಳಿಂದ ಬಂದ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ಊರಿನಲ್ಲಿ ಅಂಥ ಇನ್ನೊಂದು ಜಾಗ ಇಂದು ಅಪರೂಪ. ಕಟ್ಟೆಯ ಮೇಲು-ಕೆಳಗು ಇಲ್ಲದ, ಹೆಣ್ಣುಮಕ್ಕಳೂ ಬಾಯಿಬಿಟ್ಟು ಮಾತನಾಡಬಹುದಾದ ಜಾಗವೂ ಅದೇ. ವಿದ್ಯಾರ್ಥಿಗಳನ್ನು ತಮ್ಮ ಊರಿನ ಕೆರೆಯ, ಗುಡಿಯ, ದರ್ಗಾದ, ವೀರಗಲ್ಲಿನ ಕತೆಯನ್ನು ಎರಡು ವಿರುದ್ಧ ಮನೆಗಳಲ್ಲಿ ಕೇಳಿಕೊಂಡು ಬರಲು ಕಳುಹಿಸಿ, ಎರಡೂ ಪಾಠಗಳನ್ನು ತರಗತಿಯಲ್ಲಿ ಓದಿಸಿದರೆ ಅದು ಜಾನಪದ ಸಂಗ್ರಹವೂ ಆಗುತ್ತದೆ, ಪೌರತ್ವದ ಶಿಕ್ಷಣವೂ ಆಗುತ್ತದೆ. ಎದುರುಮನೆಯ ಅಜ್ಜಿಯ ಮಾತನ್ನು ತಪ್ಪಿಲ್ಲದೆ ಬರೆದುಕೊಂಡ ವಿದ್ಯಾರ್ಥಿಗೆ ಆ ಮನೆಯ ಹಿಟ್ಟಿನ ಪ್ರತಿಮೆಯನ್ನು ಮಾಡುವುದು ಕಷ್ಟವಾಗುತ್ತದೆ.

ಭರವಸೆ ಎಂಬ ಪದವನ್ನು ಇಂದು ಎಚ್ಚರದಿಂದ ಬಳಸಬೇಕಾಗಿದೆ. ಎಲ್ಲರೂ ಒಂದಾಗುವರೆಂಬ ನಂಬಿಕೆ ಭರವಸೆಯಲ್ಲ. ಹಾಗೆ ಒಂದಾಗುವುದು ಬೇಕಾಗಿಯೂ ಇಲ್ಲ. ಇಂದು ನನ್ನ ಮಾತನ್ನು ಒಪ್ಪದವನು ನಾಳೆಯೂ ಎದುರಿಗೆ ಬಂದು ಒಪ್ಪುವುದಿಲ್ಲವೆಂದು ಹೇಳಬಲ್ಲ, ಆಗ ನಾನೂ ಅಲ್ಲಿರುತ್ತೇನೆ ಎಂಬ ಖಾತರಿಯೇ ಭರವಸೆ. ಆ ಖಾತರಿಯನ್ನು ಸರ್ಕಾರವಾಗಲಿ ಪಕ್ಷಗಳಾಗಲಿ ತಂದುಕೊಡಲಾರವು. ಮಾತನ್ನೇ ವೃತ್ತಿಯಾಗಿ, ಪಾಠಾಂತರಗಳನ್ನೇ ಆಸ್ತಿಯಾಗಿ ಉಳ್ಳ ಕನ್ನಡ ಅಧ್ಯಾಪಕರು ಮತ್ತು ಸಂಶೋಧಕರು ಅದನ್ನು ತಮ್ಮ ವಿಭಾಗದ ಮುಂದಿನ ಗೋಷ್ಠಿಯಿಂದಲೇ ಕಟ್ಟಲು ತೊಡಗಬಹುದು.